ಫ್ಲೆಕ್ಸಿನ ಹುಡುಗಿ

ಹನ್ನೊಂದನೇ ಸಲವೂ ಹುಡುಗಿ ಬೆಳ್ಳಗೇ ಬಂದಳು.

ಬಿಂದುಶ್ರೀ ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡಳು. ಮಧ್ಯಾಹ್ನ ಮೂರು ಗಂಟೆ. ನಂಜನಗೂಡು ಬಸ್‌ಸ್ಟ್ಯಾಂಡಿನ ಎದುರಿನ ಆ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟಿಂಗ್ ಯಂತ್ರ ಯಾರದೋ ಗೃಹಪ್ರವೇಶದ ಬ್ಯಾನರನ್ನು ಒಂದೇ ಸಮನೆ ಕೊಯ್ ಎನ್ನುತ್ತ ಹೊರಗೆ ತಳ್ಳುತ್ತಿತ್ತು. ಬಣ್ಣದ ವಾಸನೆಗೆ ಅವಳಿಗೆ ಎಂದಿನ ತಲೆನೋವು ಶುರುವಾಗಿತ್ತು. 'ಕಪ್ಪು ಮೈಬಣ್ಣ' ಎಂದು ಬರೆದರೂ ಕಂಪ್ಯೂಟರು ಗೋಧಿ ಬಣ್ಣಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. 'ಬಡವರ ಮನೆ ಹುಡುಗಿ' ಎಂದರೆ ಬಟ್ಟೆ ಹರಿಯುತ್ತಿತ್ತೇ ಹೊರತು ಹುಬ್ಬು ಮಾತ್ರ ಬ್ಯೂಟಿ ಪಾರ್ಲರಿಗೆ ಹೋಗಿ ಬಂದ ಹಾಗೇ ಇರುತ್ತಿತ್ತು.

ಒಂಬತ್ತು ವರ್ಷದಿಂದ ಅವಳ ಕೆಲಸವೇ ಮುಖಗಳದ್ದು. ಹುಟ್ಟುಹಬ್ಬದ ಮುಖ, ಗೆದ್ದವರ ಮುಖ, ಗೆಲ್ಲಬೇಕೆಂದವರ ಮುಖ, ಸತ್ತವರ ಮುಖ. ಮದುವೆ ಗುಂಪಿನ ಫೋಟೋದಿಂದ ಒಬ್ಬರ ತಲೆಯನ್ನು ಕತ್ತರಿಸಿ ತೆಗೆದು, ಎರಡು ಸುತ್ತು ಬೆಳ್ಳಗೆ ಮಾಡಿ, ಬದುಕಿದ್ದಾಗ ಒಂದು ದಿನವೂ ಕೋಟು ತೊಡದವನಿಗೆ ಕೋಟು ತೊಡಿಸಿ ಕೂರಿಸಬೇಕು. ಸಂಜೆ ಮನೆಗೆಂದು ಕಳಲೆಯ ಬಸ್ಸು ಹತ್ತಿದರೆ ಎದುರು ಸೀಟಿನವರ ಮುಖದ ಸುತ್ತಲೂ ಕತ್ತರಿಸಬೇಕಾದ ಗೆರೆಯೇ ಕಾಣುತ್ತಿತ್ತು. ಎರಡು ತಿಂಗಳ ಹಿಂದೆ ಮಾಲೀಕ ರವಿಚಂದ್ರ ಈ ಹೊಸ ಎಐ ಸಾಫ್ಟ್‌ವೇರ್ ಹಾಕಿಸಿದ್ದ. ಬರೆದದ್ದನ್ನು ಚಿತ್ರ ಮಾಡುತ್ತದೆ, ಚಿತ್ರ ಕೊಟ್ಟರೆ ಫೋಟೋ ಮಾಡುತ್ತದೆ. ಇವತ್ತು ಕೆಲಸ ಕಡಿಮೆ ಇತ್ತು. ಬ್ಯಾಗಿನಲ್ಲಿದ್ದ, ತಾನು ಚಿತ್ರ ಬರೆಯುವ ಹಳೆಯ ಪುಸ್ತಕದ ಒಂದು ಪುಟವನ್ನು ಸ್ಕ್ಯಾನ್ ಮಾಡಿ ಅದಕ್ಕೆ ಕೊಟ್ಟಿದ್ದಳು.

ಆ ಪುಟದಲ್ಲಿದ್ದವಳು ಪಾತಿ.

ಪಾತಿಯನ್ನು ಅವಳು ಮೊದಲು ಬರೆದದ್ದು ಎಂಟನೇ ಕ್ಲಾಸಿನಲ್ಲಿ, ಗ್ರಾಫ್ ಪುಸ್ತಕದ ಹಿಂದಿನ ಹಾಳೆಯಲ್ಲಿ. ಅಗಲ ಕಿವಿ, ಎಡಹುಬ್ಬಿನ ನಡುವೆ ಒಂದು ಗಾಯದ ಕಲೆ, ಮೊಣಕಾಲಿನವರೆಗೆ ಮಣ್ಣು. ಆಮೇಲೆ ಇಪ್ಪತ್ತು ವರ್ಷ ಪಾತಿ ಅವಳನ್ನು ಬಿಡಲಿಲ್ಲ. ಹುಣಸೆ ಮರದ ತುದಿಯಲ್ಲಿ ಕೂತ ಪಾತಿ, ರೈಲಿನಲ್ಲಿ ಸೀಬೆಹಣ್ಣು ಮಾರುವ ಪಾತಿ, ಪೊಲೀಸಪ್ಪನಿಗೆ ಬೆರಳು ತೋರಿಸಿ ಬೈಯುವ ಪಾತಿ. ಬಿಂದುಶ್ರೀಗೆ ಮದುವೆಯಾಯಿತು, ಗಂಡ ಸಿದ್ದು ಫ್ಯಾಕ್ಟರಿಯ ಪಾಳಿಗೆ ತಕ್ಕಂತೆ ಮಲಗುವವನಾದ, ಮಗಳು ಶಾಲೆಗೆ ಸೇರಿದಳು. ಪಾತಿಗೆ ಮಾತ್ರ ಹದಿನಾರೇ. ಅವಳ ಬಗ್ಗೆ ಯಾರಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ ಅಂತಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

ಹನ್ನೆರಡನೇ ಸಲಕ್ಕೆ ಅವಳು ಬೇರೆ ಥರ ಬರೆದಳು. 'ಬಿಸಿಲಲ್ಲಿ ನಡೆದು ಬಂದಿದ್ದಾಳೆ. ಯಾರಿಗೂ ಚೆನ್ನಾಗಿ ಕಾಣಬೇಕೆಂದು ಅವಳಿಗಿಲ್ಲ.' ಪರದೆ ಮಸುಕಾಗಿ, ನಿಧಾನಕ್ಕೆ ತಿಳಿಯಾಯಿತು.

ಬಂದವಳು ಕಪ್ಪಗಿದ್ದಳು. ಮೇಲ್ತುಟಿಯ ಮೇಲೆ ಬೆವರ ಹನಿಗಳಿದ್ದವು. ಒಂದು ಕಿವಿ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಹುಬ್ಬಿನ ಕಲೆಯ ಮೇಲೆ ನಿಜವಾದ ಚರ್ಮ, ಚರ್ಮದ ಮೇಲೆ ನಿಜವಾದ ಕೂದಲು. ಈಗ ತಾನೇ ಒಳಗೆ ಬಂದು ನೀರು ಕೇಳುವವಳ ಹಾಗೆ ನೋಡುತ್ತಿದ್ದಳು. ಬಿಂದುಶ್ರೀ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಸಂತೋಷವೋ ಭಯವೋ ತಿಳಿಯಲಿಲ್ಲ.

"ಇದ್ಯಾರಮ್ಮ? ನಿಮ್ಮ ಕಡೆಯೋರಾ?" ಹಿಂದಿನಿಂದ ರವಿಚಂದ್ರ ಕೇಳಿದ.

"ಇಲ್ಲ ಸರ್. ಸುಮ್ನೆ ಮಾಡಿದ್ದು."

"ಚೆನ್ನಾಗದೆ ಬುಡು. ನಿಜ್ವಾದೋರ್ಗಿಂತ ನಿಜ್ವಾಗವ್ಳೆ."

ಆ ರಾತ್ರಿ ಅಡುಗೆ ಮುಗಿಸಿ ಪುಸ್ತಕ ತೆಗೆದಳು. ಪೆನ್ಸಿಲು ಹಾಳೆಯ ಮೇಲೆ ಎರಡು ಗೆರೆ ಎಳೆದು ನಿಂತುಬಿಟ್ಟಿತು. ಕಣ್ಣು ಮುಚ್ಚಿದರೆ ಪರದೆಯ ಹುಡುಗಿಯೇ ಬರುತ್ತಿದ್ದಳು. ಅವಳ ಹಿಂದೆ ಎಲ್ಲೋ ಇದ್ದ ಪಾತಿಗೆ ಮುಖ ಇರಲಿಲ್ಲ. ನಾಳೆ ಸರಿ ಹೋಗಬಹುದು ಎಂದುಕೊಂಡು ದೀಪ ಆರಿಸಿದಳು. ಮರುದಿನವೂ ಹಾಗೇ ಆಯಿತು. ಆಮೇಲೆ ಪುಸ್ತಕ ತೆಗೆಯುವುದನ್ನೇ ಬಿಟ್ಟಳು.

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಸೋದರತ್ತೆಯ ತಿಥಿಗೆಂದು ಎರಡು ದಿನ ರಜೆ ಹಾಕಿದ್ದ ಬಿಂದುಶ್ರೀ ಮೂರನೇ ದಿನ ಬೆಳಿಗ್ಗೆ ಬಸ್ಸಿಳಿದವಳು ಅಲ್ಲೇ ನಿಂತಳು. ಬಸ್‌ಸ್ಟ್ಯಾಂಡಿನ ಕಾಂಪೌಂಡಿನ ಮೇಲೆ ಹತ್ತಡಿ ಎತ್ತರಕ್ಕೆ ಪಾತಿ ನಿಂತಿದ್ದಳು. ಕೈಯಲ್ಲಿ ಒಂದು ಪ್ರಶಸ್ತಿಪತ್ರ. 'ಕೂಲಿ ಕಾರ್ಮಿಕರ ಮಗಳು ತಾಲ್ಲೂಕಿಗೇ ಪ್ರಥಮ! ಕು. ಪಾರ್ವತಿ, ತಿ. ನರಸೀಪುರ ತಾಲ್ಲೂಕು. ನಿಮ್ಮ ಮಕ್ಕಳನ್ನೂ ಇಂದೇ ಸೇರಿಸಿ.' ಕೆಳಗೆ ಪುಟ್ಟಸ್ವಾಮಿ ಎಂಬ ಮೇಷ್ಟ್ರು ಹೊಸದಾಗಿ ತೆರೆದಿದ್ದ ಟ್ಯುಟೋರಿಯಲ್ಲಿನ ವಿಳಾಸ.

ಅಂಗಡಿಗೆ ಹೋದವಳು ಬ್ಯಾಗನ್ನೂ ಇಳಿಸಲಿಲ್ಲ. "ಅವಳನ್ನ ಯಾಕೆ ಹಾಕಿದ್ರಿ ಸರ್?"

"ಪುಟ್ಟಸ್ವಾಮಿ ಅರ್ಜೆಂಟ್ ಅಂದ್ರು. ಟಾಪರ್ ಫೋಟೋ ಇಲ್ಲ ಅಂದ್ರು. ಟಾಪರ್ರೇ ಇಲ್ಲ ಅವ್ರಿಗೆ." ರವಿಚಂದ್ರ ನಕ್ಕ. "ಫೈಲ್ ಹೆಸ್ರು ಪಾತಿ ಅಂತಿತ್ತು, ನಾನೇ ಪಾರ್ವತಿ ಅಂತ ಮಾಡ್ದೆ. ಕೈಯಿ, ಸರ್ಟಿಫಿಕೇಟು ಎಐನೇ ಕೂರಿಸ್ತು."

"ಅದು ನಂದು ಸರ್."

"ನಂದು ಅಂದ್ರೆ? ನಮ್ಮ ಸಿಸ್ಟಮ್ಮಲ್ಲಿ ಮಾಡಿದ್ದು ತಾನೆ?" ಅವನು ಸಿಟ್ಟಾಗಲಿಲ್ಲ. ಸಿಟ್ಟಾಗುವ ಮನುಷ್ಯನೇ ಅಲ್ಲ ಅವನು. "ನೋಡಮ್ಮ, ನಿಜ್ವಾದ ಹುಡ್ಗಿ ಫೋಟೋ ಹಾಕಿದ್ರೆ ಅವ್ರಪ್ಪ ಬಂದು ಗಲಾಟೆ ಮಾಡ್ತಾನೆ. ಇವ್ಳು ಯಾರೂ ಅಲ್ಲ. ಯಾರಿಗೇನು ನಷ್ಟ?"

ಬಿಂದುಶ್ರೀ ಬ್ಯಾಗನ್ನು ಇಳಿಸಿದಳು. ಕೂತು ಕಂಪ್ಯೂಟರ್ ಆನ್ ಮಾಡಿದಳು. ಒಂದು ಶ್ರದ್ಧಾಂಜಲಿ ಕಾದಿತ್ತು.

ಒಂದು ವಾರ ಕಳೆದಿರಬಹುದು. ನಲವತ್ತರ ಹೆಂಗಸೊಬ್ಬಳು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಅದರಲ್ಲಿ ಫ್ಲೆಕ್ಸಿನ ಫೋಟೋ ಇತ್ತು.

"ಇದ ಮಾಡ್ದೋರು ನೀವೇಯಾ? ಮೂಲೇಲಿ ನಿಮ್ಮಂಗ್ಡಿ ಎಸ್ರು ಅದೆ ಅಂತ ಒಬ್ರು ಓದಿ ಯೋಳುದ್ರು."

"ಹೌದು, ಯಾಕಮ್ಮ?" ಎಂದ ರವಿಚಂದ್ರ.

ಅವಳ ಹೆಸರು ಚಲುವಮ್ಮ, ಮೂಗೂರಿನವಳು, ಕೂಲಿ ಮಾಡುವವಳು. ಮಗಳು ತೇಜಸ್ವಿನಿ ಗಣಿತದಲ್ಲಿ ಫೇಲಾಗಿದ್ದಳು. ಎರಡನೇ ಪರೀಕ್ಷೆ ಬರೆಯಲ್ಲ, ಗಾರ್ಮೆಂಟ್ಸಿಗೆ ಹೋಗುತ್ತೇನೆ ಎಂದು ಕೂತಿದ್ದಳು.

"ಈ ಕುಸ ನಮ್ ತಾಲ್ಲೂಕಂತೆ. ಕೂಲಿಯೋರ್ ಮಗ್ಳಂತೆ. ಒಂದ್ಸಲ ನಮ್ಮವ್ಳ ಕೂಟ ಮಾತಾಡ್ಸಿ ಸಾ. ನಾ ಯೋಳಿದ್ರೆ ಕೇಳಾಕಿಲ್ಲ. ಟೂಷನ್ನೋರ ಕೇಳುದ್ರೆ ಮೊದ್ಲು ಸೇರ್ಸಿ, ಆಮೇಲೆ ಮಾತಾಡ್ಸ್ತೀವಿ ಅಂತಾರೆ."

"ಆ ಹುಡ್ಗಿ ಈಗ ಊರಲ್ಲಿಲ್ಲಮ್ಮ. ಹಾಸ್ಟೆಲ್ಲಿಗೆ ಹೋದ್ಲು." ರವಿಚಂದ್ರ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ.

"ಫೋನಲ್ಲಾದ್ರೂ ಎಲ್ಡು ಮಾತಾಡ್ಲಿ." ಅವಳು ಬಸ್ ಟಿಕೆಟನ್ನು ಬಿಂದುಶ್ರೀ ಮುಂದೆ ಇಟ್ಟಳು. "ನೀ ಬರ್ಕವ್ವ ನಂಬರ. ಮನ್ಗೆಲ್ಲ ಒಂದೇ ಫೋನು. ನಾ ಕೆಲ್ಸುಕ್ಕೋದಾಗ ಅವಳ್ತಾವೇ ಇರ್ತದೆ."

ಬಿಂದುಶ್ರೀ ಟಿಕೆಟ್ಟಿನ ಹಿಂದೆ ಬರೆದುಕೊಂಡಳು. ಅಂಥ ಹುಡುಗಿ ಇಲ್ಲ ಎನ್ನುವ ಮಾತು ನಾಲಿಗೆಯ ಮೇಲಿತ್ತು. ಆದರೆ ಚಲುವಮ್ಮ ಫೋನನ್ನು ಸೆರಗಿಗೆ ಒರೆಸಿ, ಆ ಮುಖವನ್ನು ಇನ್ನೊಮ್ಮೆ ನೋಡಿ, ಕುಪ್ಪಸದೊಳಗೆ ಇಟ್ಟುಕೊಂಡ ರೀತಿಗೆ ಮಾತು ಹಿಂದಕ್ಕೆ ಹೋಯಿತು.

ಅವಳು ಹೋದ ಮೇಲೆ ರವಿಚಂದ್ರ ಹೇಳಿದ. "ನೀನೇ ಒಂದ್ ಮಾತು ಆಡ್ಬುಡು ಬಿಂದು. ಚೆನ್ನಾಗಿ ಓದು ಅನ್ನು. ಪುಣ್ಯ ಬರ್ತದೆ."

ಎರಡು ದಿನ ಟಿಕೆಟ್ಟು ಪರ್ಸಿನಲ್ಲೇ ಇತ್ತು. ಮೂರನೇ ದಿನ ಊಟದ ಹೊತ್ತಿನಲ್ಲಿ ಹೊಳೆಯ ಮೆಟ್ಟಿಲ ಮೇಲೆ, ಬಟ್ಟೆ ಒಗೆಯುವವರಿಂದ ದೂರ ಕೂತು ಬಿಂದುಶ್ರೀ ಫೋನು ಮಾಡಿದಳು. ಏನು ಹೇಳಬೇಕೆಂದು ಬಸ್ಸಿನಲ್ಲೇ ಯೋಚಿಸಿದ್ದಳು. ಧೈರ್ಯ ಹೇಳುವುದು, ಇಟ್ಟುಬಿಡುವುದು, ಅಷ್ಟೆ.

"ಹಲೋ, ತೇಜಸ್ವಿನಿನಾ? ನಾನು ಪಾರ್ವತಿ. ನಂಜನಗೂಡಲ್ಲಿ ಫ್ಲೆಕ್ಸ್ ಹಾಕಿದಾರಲ್ಲ..."

ಆ ಕಡೆ ಕೋಳಿಯೊಂದು ಕೊಕ್ ಕೊಕ್ ಎನ್ನುವುದು ಕೇಳಿಸಿತು.

"ಯಾಕಕ್ಕ ಸುಳ್ಳೇಳ್ತೀರಿ?" ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅದು ಎಐ ಫೋಟೋ ಅಲ್ವಾ? ಸರ್ಟಿಫಿಕೇಟ್ ಇಡ್ಕಂಡಿರೋ ಕೈಲಿ ಆರು ಬೆರ್ಳವೆ. ಅಮ್ಮ ತೋರ್ಸಿದ್ ದಿನ್ವೇ ಎಣಿಸ್ದೆ ನಾನು."

ಬಿಂದುಶ್ರೀ ದಿನವೂ ಆ ಫ್ಲೆಕ್ಸಿನ ಕೆಳಗೇ ಓಡಾಡಿದ್ದಳು. ಮುಖ ನೋಡಿದ್ದಳೇ ಹೊರತು ಕೈ ನೋಡಿರಲಿಲ್ಲ.

"ಅಮ್ಮಂಗೆ ಹೇಳ್ದ್ಯಾ?"

"ಎಂಗೇಳನೆ? ದಿನಾ ಕೆಲ್ಸದಿಂದ ಬಂದೇಟ್ಗೆ ಫೋನ್ ಇಸ್ಕಂಡು ಅವ್ಳ ನೋಡ್ತಳೆ. 'ನೋಡ್ಲೇ, ನಮ್ಮಂಗೇ ಅವ್ಳೆ ಕುಸ, ನಮ್ಮಂಗೇ ಕಪ್ಪು' ಅಂತಳೆ. ನೀವೂ ಯೋಳ್ಬೇಡಿ." ಆಮೇಲೆ ಕೇಳಿದಳು. "ನೀವ್ಯಾರಕ್ಕ ನಿಜ್ವಾಗ್ಲೂ?"

ಬಿಂದುಶ್ರೀ ಹೇಳಿದಳು. ಅಂಗಡಿಯ ವಿಷಯ, ಗ್ರಾಫ್ ಪುಸ್ತಕದ ವಿಷಯ, ಹನ್ನೆರಡು ಸಲ ಮಾಡಿದ್ದು, ರಜೆ ಹಾಕಿದ್ದು. ಇಪ್ಪತ್ತು ವರ್ಷ ಯಾರಿಗೂ ಹೇಳದಿದ್ದದ್ದನ್ನು, ಮುಖವನ್ನೇ ನೋಡದ ಒಂದು ಹುಡುಗಿಗೆ, ಬಿಸಿಲಿನಲ್ಲಿ ಕೂತು ಹೇಳಿದಳು. ಮೂರು ಮೆಟ್ಟಿಲು ಕೆಳಗೆ ಯಾರೋ ಕಂಬಳಿ ಹಿಂಡುತ್ತಿದ್ದರು.

"ಕೈಯಲ್ಲಿ ಬರ್ದಿದ್ದಾ? ಕಳ್ಸಿ ನೋಡನೆ."

ಪುಸ್ತಕ ಬ್ಯಾಗಿನ ತಳದಲ್ಲೇ ಇತ್ತು. ಹುಣಸೆ ಮರದ ಪುಟವನ್ನು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಹುಡುಗಿಯೇ ಫೋನು ಮಾಡಿದಳು.

"ಅಕ್ಕ, ಇವ್ಳೇ ಬ್ಯಾರೆ! ಫ್ಲೆಕ್ಸಲ್ಲಿರೋಳು ಯಾರನ್ನೋ ಕಾಯ್ತಾ ನಿಂತಂಗವ್ಳೆ. ಇವ್ಳು ಯಾರ ಮಾತೂ ಕೇಳಲ್ಲ ಅಲ್ವಾ? ಏನ್ ಓದವ್ಳೆ ಇವ್ಳು?"

ಬಿಂದುಶ್ರೀ ಯೋಚಿಸಿದಳು. "ಗೊತ್ತಿಲ್ಲ ಕಣಮ್ಮ. ಅವಳನ್ನ ನಾನು ಒಂದ್ಸಲನೂ ಸ್ಕೂಲ್ ಒಳಗೆ ಬರ್ದಿಲ್ಲ."

ಆ ಕಡೆ ಹುಡುಗಿ ನಕ್ಕಳು. ಬಹಳ ದಿನದಿಂದ ನಕ್ಕಿರಲಿಲ್ಲವೇನೋ, ನಗು ಕೆಮ್ಮಿನಲ್ಲಿ ಕೊನೆಯಾಯಿತು.

"ಅಮ್ಮ ಕೇಳುದ್ರೆ, ಮಾತಾಡುದ್ರು ಅಂತೀನಿ. ಪರೀಕ್ಷೆ ಬರಿ ಅಂದ್ರು ಅಂತೀನಿ."

"ಬರೀತೀಯಾ?"

"ಅಂಗಂದ್ಮೇಲೆ ಬರೀಲೇಬೇಕಲ್ಲಕ್ಕ," ಎಂದಳು ತೇಜಸ್ವಿನಿ. ಸ್ವಲ್ಪ ಬೇಸರದಿಂದಲೇ.

ಅವತ್ತು ಅಂಗಡಿಗೆ ಹಿಂದಿರುಗಿದ ಬಿಂದುಶ್ರೀ ಮಾಲೀಕನಿಗೆ ಆರು ಬೆರಳಿನ ವಿಷಯ ಹೇಳಿದಳು, ಫ್ಲೆಕ್ಸ್ ತೆಗೆಸಿ ಎಂದಳು. ರವಿಚಂದ್ರ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಅಯ್ಯಯ್ಯೋ, ಹೌದಲ್ಲ!" ಎಂದು ಜೋರಾಗಿ ನಕ್ಕ. "ಪಾಂಪ್ಲೆಟ್ಟಿಗೂ ಇದೇ ಕೇಳವ್ರೆ. ಆ ಬೆರ್ಳೊಂದು ಅಳಿಸ್ಕೊಡು."

ಅವಳು ಬೆರಳನ್ನು ಅಳಿಸಲಿಲ್ಲ. ಅವನು ಟೀ ಕುಡಿಯಲು ಹೋದಾಗ ಫೈಲನ್ನೇ ಅಳಿಸಿದಳು. ಬಂದ ಮೇಲೆ ತಾನಾಗಿಯೇ ಹೇಳಿದಳು. "ಪುಟ್ಟಸ್ವಾಮಿ ಹತ್ರ ಕಾಪಿ ಇದೆ ಕಣಮ್ಮ," ಎಂದಷ್ಟೇ ಹೇಳಿ ರವಿಚಂದ್ರ ಯಂತ್ರಕ್ಕೆ ಹೊಸ ರೋಲು ಏರಿಸಿದ. ಪಾಂಪ್ಲೆಟ್ಟು ಬೇರೆ ಅಂಗಡಿಯಲ್ಲಿ ಅಚ್ಚಾಯಿತು, ಬೆರಳು ಐದೇ ಇದ್ದವು.

ಜೂನ್ ಕೊನೆಯ ಹೊತ್ತಿಗೆ ಆ ಫ್ಲೆಕ್ಸಿನ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂದಿತ್ತು. ಒಂದು ಸಂಜೆ ಬಿಂದುಶ್ರೀ ಹೊರಡುವ ಹೊತ್ತಿಗೆ ಚಲುವಮ್ಮ ಅಂಗಡಿಗೆ ಬಂದಳು. ಮಳೆಯಲ್ಲಿ ನೆನೆದಿದ್ದಳು. ಸೆರಗಿನೊಳಗೆ ಒಂದು ಸ್ಟೀಲ್ ಡಬ್ಬಿ.

"ಮೂವತ್ತೆಂಟು ಬಂತು ಕಣವ್ವ. ಪಾಸು!" ಎಂದಳು. "ಕಾಲೇಜಿನ್ ಅಪ್ಲಿಕೇಸನ್ ತಂದು ಮಡುಗವ್ಳೆ. ಇನ್ನೂ ತುಂಬಿಲ್ಲ. ವಸಿ ಒತ್ತು ಗಾರ್ಮೆಂಟ್ಸು ಅಂತಳೆ, ವಸಿ ಒತ್ತು ಕಾಲೇಜು ಅಂತಳೆ. ಆದ್ರೂ ಪಾಸಲ್ವಾ?"

"ಹೂಂ, ಪಾಸು," ಎಂದಳು ಬಿಂದುಶ್ರೀ.

"ಆ ಕುಸ ಮಾತಾಡ್ತಂತೆ. ಇದು ನಮ್ ಒಡೇರ ತೋಟ್ದ ಅಲಸು. ಜೇನಿದ್ದಂಗದೆ. ಎಂಗಾರ ಮಾಡಿ ಅದ್ಕೆ ತಲುಪ್ಸವ್ವ." ಡಬ್ಬಿಯನ್ನು ಅವಳ ಕೈಗೆ ಒತ್ತಿದಳು. "ಆಸ್ಟ್ಲಲ್ಲಿ ಇದೆಲ್ಲ ಯಾರ್ ಕೊಟ್ಟಾರು. ಡಬ್ಬಿ ಆಮೇಲೆ ಇಸ್ಕತೀನಿ. ನೀನೂ ತಿನ್ನು, ಬಾಳ ಸೊರಗಿದ್ದೀಯೆ."

ನಿಜ ಹೇಳಿಬಿಡಬೇಕೆಂದು ಬಿಂದುಶ್ರೀ ಬಾಯಿ ತೆರೆದಳು. ಚಲುವಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡು, ತಲೆಯ ಮೇಲೆ ಸೆರಗೆಳೆದುಕೊಂಡು, ನರಸೀಪುರದ ಬಸ್ಸಿನ ಕಡೆ ಓಡುತ್ತಿದ್ದಳು.

ಕಳಲೆಯ ಬಸ್ಸು ತುಂಬಿತ್ತು. ಕಿಟಕಿಯ ಗಾಜುಗಳನ್ನೆಲ್ಲ ಎಳೆದಿದ್ದರಿಂದ ಒಳಗೆ ಒದ್ದೆ ಬಟ್ಟೆಯ ಕಾವು. ಪಕ್ಕದ ಸೀಟಿನಲ್ಲಿ ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡ ಹುಡುಗಿಯೊಬ್ಬಳು ಮುಂದಿನ ಕಂಬಿಗೆ ಹಣೆ ಕೊಟ್ಟು ನಿದ್ದೆ ಹೋಗಿದ್ದಳು. ಬಿಂದುಶ್ರೀ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸ್ಟಾಪು ಸುಮ್ಮನೆ ಕೂತಳು. ಆಮೇಲೆ ಮುಚ್ಚಳ ತೆಗೆದಳು. ಬಾಳೆ ಎಲೆಯ ಮೇಲೆ ಹಳದಿ ತೊಳೆಗಳು ಒಂದಕ್ಕೊಂದು ಅಂಟಿ ಕೂತಿದ್ದವು. ವಾಸನೆ ಇಡೀ ಬಸ್ಸಿಗೆ ಹರಡಿತು.

ಪಕ್ಕದ ಹುಡುಗಿ ಕಣ್ಣು ಬಿಟ್ಟಳು. ಹಣೆಯ ಮೇಲೆ ಕಂಬಿಯ ಗುರುತು ಮೂಡಿತ್ತು. ಡಬ್ಬಿಯನ್ನು ನೋಡಿ, ನೋಡಿದ್ದಕ್ಕೆ ನಾಚಿ, ಮುಖ ತಿರುಗಿಸಿದಳು.

"ತಗೋ," ಎಂದಳು ಬಿಂದುಶ್ರೀ.

ಹುಡುಗಿ ಅನುಮಾನಿಸಿ ಒಂದು ತೊಳೆ ತೆಗೆದುಕೊಂಡಳು. ಬಿಂದುಶ್ರೀಯೂ ಒಂದು ಬಾಯಿಗಿಟ್ಟಳು. ಬಸ್ಸು ಕುಲುಕುತ್ತ ಹೋಗುತ್ತಿತ್ತು. ಬೀಜಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಇಬ್ಬರೂ ಅಂಟು ಅಂಟಾದ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು.