ಮಾಲೀಕರು ಯಾರು?

ದೂರ ದೇಶದಿಂದ ಬಂದು ನೆಲೆಸಿದ ಕುಟುಂಬ ಅದು. ಆ ಮನೆಯ ಸೊಸೆ ಶಾಲೆಯ ಎದುರು ಸ್ಟೇಷನರಿ ಅಂಗಡಿ ಇಡಲು ಹೊರಟಿದ್ದಳು. ಬಾಡಿಗೆಗೆ ಮಳಿಗೆ ಸಿಕ್ಕಿತ್ತು, ಕಪಾಟುಗಳು ಬಂದಿದ್ದವು, ಹೊಸ ಕಾಗದದ ವಾಸನೆ ಬಾಗಿಲಾಚೆಗೂ ಬರುತ್ತಿತ್ತು. ಉಳಿದದ್ದು ಪರವಾನಗಿ ಒಂದೇ. ಅಲ್ಲೇ ಅತ್ತೆ ತಕರಾರು ತೆಗೆದಳು.

"ಹೊರಗಿಂದ ಬಂದ ಹೆಣ್ಣಿಗೆ ಯಾರಮ್ಮ ಲೈಸೆನ್ಸ್ ಕೊಡ್ತಾರೆ? ಮಳಿಗೆ ಯಜಮಾನರು ತಮ್ಮ ಹೆಸರಲ್ಲೇ ಮಾಡಿಸ್ತೀನಿ ಅಂತಿದ್ದಾರಲ್ಲ. ಸುಮ್ಮನೆ ಒಪ್ಪಿಕೊ."

ಸೊಸೆಗೂ ಅಳುಕಿತ್ತು. ಪಕ್ಕದ ಟೈಲರಮ್ಮ ಹೊಲಿಗೆ ನಿಲ್ಲಿಸಿ ಬಂದಳು.

"ಒಪ್ಪಿದರೆ ಅಂಗಡಿ ಅವರದಾಗುತ್ತೆ ಅಮ್ಮ. ನಾಳೆ ಹೊರಡಿ ಅಂದರೆ ನೀವು ರಬ್ಬರ್, ಪೆನ್ಸಿಲ್ ಚೀಲಕ್ಕೆ ತುಂಬ್ಕೊಂಡು ಹೊರಡಬೇಕು."

"ನಿನಗೇನು ಬಿಡು, ಬಾಯಿ ಇದೆ."

"ಬಾಯಿ ನೋಡಿ ನನಗೆ ಲೈಸೆನ್ಸ್ ಕೊಟ್ಟಿದ್ದಲ್ಲ. ನಾನೂ ಹೊರಗಿಂದ ಬಂದವಳೇ. ಗುರುತಿನ ಚೀಟಿ, ಇಲ್ಲಿ ದುಡಿಯೋಕೆ ಕೊಟ್ಟ ಅನುಮತಿ, ಬಾಡಿಗೆ ಕರಾರು ಹಿಡ್ಕೊಂಡು ಪುರಸಭೆಗೆ ಹೋದೆ. ಇನ್ನೇನು ಬೇಕು ಅಂತ ಅವರನ್ನೇ ಕೇಳಿದೆ. ಹೇಳಿದರು."

ಅತ್ತೆ ಮುಖ ತಿರುಗಿಸಿಕೊಂಡು ಹೋದಳು.

ಮಧ್ಯಾಹ್ನ ಅತ್ತೆ ಊಟ ತಂದಾಗ ಸೊಸೆ ಮೊಣಕಾಲಲ್ಲೇ ಕಪಾಟಿನಿಂದ ಕಪಾಟಿಗೆ ತೆವಳುತ್ತಿದ್ದಳು.

"ಏನು ಬೀಳಿಸ್ಕೊಂಡೆ?"

"ಏನಿಲ್ಲ ಅತ್ತೆ. ಮಕ್ಕಳು ಇಷ್ಟೆತ್ತರಾನೇ ಅಲ್ವಾ? ಅವರ ಕಣ್ಣಿಗೆ ಏನು ಕಾಣುತ್ತೆ ನೋಡ್ತಿದ್ದೆ."

ಬಣ್ಣದ ಪೆನ್ಸಿಲುಗಳನ್ನು ಅವಳು ಕೆಳಗಿನ ಹಲಗೆಗೆ ಇಳಿಸಿದಳು. ಅತ್ತೆಯೂ ಸೊಂಟ ಹಿಡಿದುಕೊಂಡು ಪಕ್ಕದಲ್ಲಿ ಮೊಣಕಾಲೂರಿ ಕತ್ತೆತ್ತಿದಳು. ಕಿಷ್ಕಿಂಧೆಯಂಥ ಆ ಮಳಿಗೆ ಬೆಟ್ಟದಷ್ಟು ಎತ್ತರಕ್ಕೆ ನಿಂತಿತ್ತು. ಬಣ್ಣಗಳೆಲ್ಲ ಕಣ್ಣೆದುರು, ಕೈಗೆಟುಕುವಷ್ಟು ಹತ್ತಿರ. ದಿನವೂ ತನ್ನ ಜೊತೆ ಕೂತು ಉಣ್ಣುವ ಈ ಹುಡುಗಿಯ ತಲೆಯೊಳಗೆ ಇಷ್ಟು ದೊಡ್ಡ ಲೋಕವಿತ್ತೇ! ದೇವರೆದುರು ಹೂವಿಡುವವಳಂತೆ ಅತ್ತೆ ಒಂದು ಪೆನ್ಸಿಲನ್ನು ನೆಟ್ಟಗಿಟ್ಟಳು. ಆಮೇಲೆ ಮೆಲ್ಲಗೆ, "ನಾಳೆ ಪುರಸಭೆಗೆ ನಾನೂ ಬರ್ತೀನಿ" ಎಂದಳು.

ಮರುದಿನ ಪುರಸಭೆಯ ಕೌಂಟರಿನಲ್ಲಿ ಗುಮಾಸ್ತರು ಕಾಗದಗಳನ್ನು ನೋಡಿ ಕೇಳಿದರು: "ಅಂಗಡಿ ಮಾಲೀಕರು ಯಾರು?"

ಯಾವ ಕೌಂಟರಿನಲ್ಲೂ ಇನ್ನೊಬ್ಬರಿಗೆ ದಾರಿ ಬಿಟ್ಟೇ ರೂಢಿಯಾಗಿದ್ದ ಸೊಸೆ, ಯಾರೋ ಬಂದಿರಬೇಕೆಂದು ಹಿಂದೆ ತಿರುಗಿದಳು. ಅಲ್ಲಿದ್ದವಳು ಅತ್ತೆ ಮಾತ್ರ.

"ನನ್ನ ಮುಖದಲ್ಲೇನಿದೆ? ಆ ಕಡೆ ನೋಡು. ನಿನ್ನನ್ನೇ ಕೇಳ್ತಿರೋದು."

ಸೊಸೆ ಗುಮಾಸ್ತರ ಕಡೆ ತಿರುಗಿದಳು. "ನಾನೇ," ಎಂದಳು.

ಪರವಾನಗಿ ಅವಳ ಹೆಸರಿಗೇ ಬಂತು.

ಅಕ್ಕಂದಿರೇ, ತಂಗಿಯರೇ, ನೀವು ಎಲ್ಲಿಂದ ಬಂದವರಾದರೂ ಸರಿ. ಅಂಗಡಿ ಇಡುವ ಮೊದಲು ಊರಿನ ಕಚೇರಿಗೆ ನೀವೇ ಹೋಗಿ, ಯಾವ ಕಾಗದ ಬೇಕೆಂದು ಕೇಳಿ. ನಿಮ್ಮ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಮಾಡಬೇಡಿ. ಅತ್ತೆಯಂದಿರೇ, ನೀವೂ ಜೊತೆಗೆ ಹೋಗಿ. ಸೊಸೆ ಹಿಂದೆ ತಿರುಗಿದರೆ ಮುಂದಕ್ಕೆ ತಿರುಗಿಸಲು ಒಬ್ಬರು ಬೇಕು.