ಹಳಿಯ ಪಕ್ಕದ ಕೂಸು

"ಬಟನ್ ಒತ್ತಬೇಕಾದವನು ನೀನೇ ರವಿ, ಮಗ ಅಲ್ವಾ?" ಎನ್ನುತ್ತ ಶೇಷಾದ್ರಿ ರವಿಶಂಕರನ ತೋಳು ಹಿಡಿದು ಫ್ಯೂನರಲ್ ಹೋಮಿನ ಒಳಬಾಗಿಲತ್ತ ನಡೆಸಿದರು. ಮನೆಯ ಸ್ನೇಹಿತರು, ಮಂತ್ರ ಬಲ್ಲವರು. ಡೆಟ್ರಾಯಿಟ್ ಸುತ್ತಲಿನ ಕನ್ನಡಿಗರ ಸಾವಿಗೆಲ್ಲ ಅವರೇ.

ಗಂಡನ ಹೆಣದ ಬಳಿ ಕೂತಿದ್ದ ರುದ್ರಮ್ಮ ತಲೆಯೆತ್ತಿದಳು. "ಎಂಥಾ ಬಟನ್ನೋ?"

"ಕ್ರಿಮೇಶನ್ ಅವ್ವ. ಎಲ್ಲಾ ಅರೇಂಜ್ ಮಾಡೀನಿ ಅಂತ ನಿನ್ನೆನೇ ಹೇಳಿದ್ನಲ್ಲ."

"ಸುಡ್ತೀಯೇನೋ ನಿಮ್ಮಪ್ಪನ್ನ?"

ಆಬರ್ನ್ ಹಿಲ್ಸಿನಲ್ಲಿ ಕಾರಿನ ಬ್ರೇಕು ವಿನ್ಯಾಸ ಮಾಡುವ ಮಗ ಹುಟ್ಟಿದ್ದು ಇಲ್ಲೇ. ಅವನು ಕಂಡ ಸಾವುಗಳೆಲ್ಲ ಮೈಸೂರು, ಬೆಂಗಳೂರಿನ ಸ್ನೇಹಿತರ ಮನೆಯವು. ಅವರೆಲ್ಲ ಸುಟ್ಟರು, ಇವನೂ ಸುಡಲು ಹೊರಟ. ಲಿಂಗಾಯತರು ಹೂಳುತ್ತಾರೆ, ಅದೂ ಕೂರಿಸಿ ಎಂಬುದು ಅವನಿಗೇನು ಗೊತ್ತು? ಹೇಳಬೇಕಾದ ತಾನು ಎರಡು ದಿನ ಮೂಲೆ ಹಿಡಿದು ಕೂತಿದ್ದಕ್ಕೆ ರುದ್ರಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು.

"ಮಣ್ಣು ಮಾಡಬೇಕು. ಕೂಡಿಸಿ."

"ಟೈಮ್ ಮೀರಿದ್ರೆ ಮುಂದಿನ ವಾರದವರೆಗೂ ಸ್ಲಾಟ್ ಸಿಗಲ್ಲಮ್ಮಾ," ಎಂದರು ಶೇಷಾದ್ರಿ. ಅಮೆರಿಕದಲ್ಲಿ ಸತ್ತವರಿಗೂ ಅಪಾಯಿಂಟ್‌ಮೆಂಟು ತಪ್ಪದು.

"ಅವ್ವ, ಪ್ಲೀಸ್. ನೇಪರ್‌ವಿಲ್ಲಿಂದ ಮಂದಿ ಐದು ತಾಸು ಡ್ರೈವ್ ಮಾಡ್ಕೊಂಡು ಬಂದಾರ. ಹೋದಮ್ಯಾಲೆ ಹೆಂಗಿದ್ರೇನು?"

ರುದ್ರಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಈ ಮಾತು ಇನ್ನೊಬ್ಬಾಂವ ಹೇಳಿದ್ದ. ನಿಮ್ಮಣ್ಣ ಸತ್ತಾಗ."

"ನನಗ ಅಣ್ಣ ಇದ್ನಾ?"

*

ಅವಳ ಗಂಡ ಗುರುಲಿಂಗಪ್ಪ ಆಗ ಇಥಿಯೋಪಿಯಾದ ದಿರೆ ದಾವಾದಲ್ಲಿ ಚರಿತ್ರೆಯ ಮೇಷ್ಟ್ರು. ಜಿಬೂಟಿ ಬಂದರು ಹಿಡಿದ ಫ್ರೆಂಚರು ಒಳನಾಡಿನ ವ್ಯಾಪಾರವನ್ನು ಕಡಲಿಗೆ ಎಳೆಯಲು ಹಾಕಿದ ರೈಲುದಾರಿಯಿಂದಲೇ ಹುಟ್ಟಿದ ಊರದು. ಆ ದಾರಿಯ ಇಸವಿಗಳನ್ನು ಅವನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ. ಜ್ವರದ ಕೂಸನ್ನು ಅಡಿಸ್ ಅಬಾಬಾದ ಆಸ್ಪತ್ರೆಗೆ ಒಯ್ಯುವಾಗ ಅದು ಆ ರೈಲಿನಲ್ಲೇ ತಣ್ಣಗಾಯಿತು. ಬಯಲ ನಡುವಿನ ಸಣ್ಣ ಸ್ಟೇಷನ್ನಿನಲ್ಲಿ ಗಾರ್ಡು ಅವರನ್ನು ಇಳಿಸಿದ.

"ಹಳಿಯ ಪಕ್ಕ ಹೂತು ಬೇಗ ಬನ್ನಿ ಮೇಷ್ಟ್ರೇ. ಫ್ರೆಂಚರು ಸತ್ತ ಕೂಲಿಗಳನ್ನು ಹಾಗೇ ಹೂತು ಮುಂದೆ ಹೋದರು. ನಮ್ಮಜ್ಜನೂ ಇಲ್ಲೇ ಎಲ್ಲೋ ಇದ್ದಾನೆ. ಹೋದಮೇಲೆ ಹೇಗಿದ್ದರೇನು?"

ಪಾಠದ ಪುಸ್ತಕದಲ್ಲಿ ಆ ಕೂಲಿಗಳ ಸುದ್ದಿಯೇ ಇರಲಿಲ್ಲ. ಗುರುಲಿಂಗಪ್ಪ ಸಲಿಕೆ ಇಸಿದುಕೊಂಡು ಆಳಕ್ಕೆ ಅಗೆದ. ರೈಲು ಕೂಗಿತು.

"ಗಾಡಿ ಹೋಗ್ತೈತ್ರೀ," ಎಂದಳು ರುದ್ರಮ್ಮ.

"ಹೋಗ್ಲಿ."

ಕೂಸನ್ನು ಕೂರಿಸಿ, ಕುತ್ತಿಗೆ ವಾಲದಂತೆ ಹಿಡಿದುಕೊಂಡ. ಅವಳು ಮಣ್ಣು ತುಂಬಿದಳು. ಬೋಗಿಗಳು ಪಕ್ಕದಲ್ಲೇ ಹಾದುಹೋದರೂ ಅವನು ತಿರುಗಿ ನೋಡಲಿಲ್ಲ.

*

"ಯಾಕ ಹೇಳಲಿಲ್ಲ ನನಗ?" ರವಿಶಂಕರ ಅವ್ವನ ಮುಂದೆ ಬಂದು ನಿಂತ.

"ಹೇಳಿದ್ರ ಅವರು ಅಳತಿದ್ರೋ. ನನಗ ನೋಡೂದು ಆಗತಿರಲಿಲ್ಲ."

ಶೇಷಾದ್ರಿ ಗಡಿಯಾರ ನೋಡಿದರು. ರವಿಶಂಕರ ಫ್ಯೂನರಲ್ ಹೋಮಿನ ಮೇಲ್ವಿಚಾರಕಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ತಡವರಿಸಿದ: ಸುಡುವುದು ಬೇಡ, ಹೂಳಬೇಕು, ಕೂರಿಸಿ.

ಆಕೆಗೆ ಇದು ಹೊಸದು. ಬರೆದುಕೊಳ್ಳಲು ಪೆನ್ನು ತೆಗೆದಳು. "ಸ್ಮಶಾನದವರನ್ನು ಒಪ್ಪಿಸಬೇಕು, ಚೌಕ ಪೆಟ್ಟಿಗೆ ಮಾಡಿಸಬೇಕು. ಕೂತರೆ ನಿಮ್ಮ ತಂದೆಯ ಎತ್ತರ ಎಷ್ಟು?"

ಯಾರಿಗೂ ಗೊತ್ತಿರಲಿಲ್ಲ.

ರವಿಶಂಕರ ಬೂಟು ಕಳಚಿದ. ಸೂಟಿನಲ್ಲೇ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೆನ್ನು ನೆಟ್ಟಗೆ ಮಾಡಿದ.

"ನಾವಿಬ್ಬರೂ ಒಂದೇ ಎತ್ತರ. ನನ್ನನ್ನು ಅಳೆಯಿರಿ."

ಆಕೆ ಅವನ ನೆತ್ತಿಯ ಮೇಲೆ ಟೇಪು ಇಟ್ಟಳು. ಅದರ ಇನ್ನೊಂದು ತುದಿಯನ್ನು ರುದ್ರಮ್ಮ ಮಂಡಿಯೂರಿ ನೆಲಕ್ಕೆ ಒತ್ತಿ ಹಿಡಿದಳು.