ಷಡ್ಡಕನ ಜೋಕು, ನನ್ನ ಹೆಂಡತಿಯ ನಗು

ಮೂವತ್ತೈದು ವರ್ಷ ನಾಯಿಯೂ ಮೂಸಿ ನೋಡದಿದ್ದ ‘ಲಿಫ್ಟ್ ಕೆಟ್ಟಿದೆ’ ಧಾರಾವಾಹಿಯನ್ನು ಈಗ ಜನ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದಾರೆ. ಯಾರೋ ಪುಣ್ಯಾತ್ಮರು ಹಳೆಯ ಟೇಪುಗಳನ್ನು ಹುಡುಕಿ ಇಂಟರ್ನೆಟ್ಟಿಗೆ ಹಾಕಿದರಂತೆ. ಹಾಕಲಿ, ಒಳ್ಳೆಯ ಧಾರಾವಾಹಿಯೇ ಅದು. ಒಂದು ಮೆಟ್ಟಿಲ ಸಾಲು, ಆರು ಮನೆ, ಯಾವತ್ತೂ ರಿಪೇರಿಯಾಗದ ಲಿಫ್ಟು. ವಿಷ ಹಾಕುವ ಅತ್ತೆ ಇಲ್ಲ, ಗೋಳಾಡುವ ಸೊಸೆ ಇಲ್ಲ. ಆದರೆ ಹೊಗಳಿಕೆಯೆಲ್ಲ ಹೋಗಿದ್ದು ಯಾರಿಗೆ? ಲಿಫ್ಟ್ ಮೆಕ್ಯಾನಿಕ್ಕಾಗಿ ನಟಿಸಿದ ನನ್ನ ಷಡ್ಡಕನಿಗೆ, ನನ್ನ ಹೆಂಡತಿಯ ತಂಗಿಯ ಗಂಡನಿಗೆ! ಎಪ್ಪತ್ತರ ಮುದುಕ, ಕಾಲೇಜು ಹುಡುಗಿಯರ ನಡುವೆ ನಿಂತು ಸೆಲ್ಫಿ ತೆಗೆಸಿಕೊಳ್ಳುತ್ತಾನೆ. ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಆ ಧಾರಾವಾಹಿಯ ಧ್ವನಿಮುದ್ರಣ ನನ್ನದು. ಸೆಟ್ಟಿನ ಪಕ್ಕದ ಗಾಜಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದವನು ನಾನು. ಎದುರಿಗೆ ಮೂವತ್ತು ಕುರ್ಚಿ, ಅದರಲ್ಲಿ ಜೋಕಿಗೆ ನಗಲೆಂದು ಕೂರಿಸಿದ ನಮ್ಮ ನಮ್ಮ ಮನೆಯವರು; ಅವರ ನಗುವೂ ಧಾರಾವಾಹಿಯಲ್ಲಿ ಸೇರುತ್ತಿತ್ತು. ಮೊದಲ ಸಾಲಿನ ಕೊನೆಯಲ್ಲಿ ನನ್ನವಳು. ಅವಳ ನಗುವೆಂದರೆ ನನಗೆ ಪ್ರಾಣ. ಅದಕ್ಕೆಂದೇ ಅವಳ ತಲೆಯ ಮೇಲೆ ಬೇರೆ ಮೈಕು ನೇತುಹಾಕಿ, ಬೇರೆ ರೀಲಿನಲ್ಲಿ ಹಿಡಿಯುತ್ತಿದ್ದೆ.

ಆದರೆ ಅವಳು ನಗುತ್ತಿದ್ದದ್ದು ಬರೀ ಷಡ್ಡಕನ ಜೋಕಿಗೆ. ಮಿಕ್ಕವರು ಮಾತಾಡಿದಾಗ ಕಲ್ಲಿನ ಹಾಗೆ ಕೂತಿರುವವಳು, ಅವನು ಬಾಯಿ ತೆರೆದರೆ ಸಾಕು, ಬಿದ್ದು ಬಿದ್ದು ನಗುತ್ತಿದ್ದಳು. ನಾನೇನು ದೇವರೇ, ಸಹಿಸಿಕೊಳ್ಳಲು? ಎಲ್ಲರೂ ಊಟಕ್ಕೆ ಹೋದಾಗ ಅವಳ ರೀಲನ್ನು ಬ್ಲೇಡಿನಿಂದ ಕತ್ತರಿಸಿ, ಅವನ ಜೋಕುಗಳಿಂದ ಅವಳ ನಗುವನ್ನು ತೆಗೆದೆ. ಒಂದೆರಡು ತುಂಡನ್ನು ಧಾರಾವಾಹಿಯಲ್ಲಿ ಬರುವ ಪೋಸ್ಟ್‌ಮ್ಯಾನನ ಸಪ್ಪೆ ಮಾತಿಗೆ ಅಂಟಿಸಿದೆ. ಇಪ್ಪತ್ತಾರು ಕಂತಿನಲ್ಲೂ ಇದೇ ಕೆಲಸ. ಒಬ್ಬರಿಗೂ ಗೊತ್ತಾಗಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಮಗಳು ಬಂದು ಟಿವಿಯಲ್ಲಿ ಅದನ್ನೇ ಹಚ್ಚಿಕೊಟ್ಟು ಹೋದಳು. ನನ್ನವಳು ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ತೆರೆಯ ಮೇಲೆ ಷಡ್ಡಕ ಸ್ಕ್ರೂಡ್ರೈವರ್ ಹುಡುಕುತ್ತಿದ್ದ, ಅದು ಅವನ ಕಿವಿಯ ಹಿಂದೆಯೇ ಇತ್ತು. ಟೇಪಿನಲ್ಲಿ ಜನ ನಕ್ಕರು.

“ಅಯ್ಯೋ, ಇಲ್ಲಿ ನಾನು ಜೋರಾಗಿ ನಕ್ಕಿದ್ದೆ. ಕೇಳಿಸ್ಲೇ ಇಲ್ವಲ್ಲ!” ಎಂದಳು.

“ಅಷ್ಟು ಹಳೇದು, ಟೇಪ್ ಸವೆದಿರುತ್ತೆ ಬಿಡು.”

ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಪೋಸ್ಟ್‌ಮ್ಯಾನ್ ಬಂದು “ಕಾಗದ” ಎಂದ. ಅಷ್ಟೇ. ಅದಕ್ಕೆ ನನ್ನವಳ ನಗು ಮನೆ ತುಂಬ ಕೇಳಿಸಿತು. ಸೂಜಿ ನಿಂತಿತು.

“ಇದಕ್ಕೆ ನಾನ್ಯಾಕ್ರೀ ನಗ್ಲಿ? ನನಗೇನು ತಲೆ ಕೆಟ್ಟಿತ್ತಾ?” ಎಂದು ನನ್ನ ಕಡೆ ತಿರುಗಿದಳು. “ನೀವೇನಾದ್ರೂ ಕೈಯಾಡಿಸಿದ್ರಾ?”

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲ ಹೇಳಿಬಿಟ್ಟೆ. “ಹೊಟ್ಟೆಕಿಚ್ಚು ಕಣೇ. ನೀನು ಅವನಿಗೊಬ್ಬನಿಗೇ ನಗ್ತಿದ್ದೆ.”

“ಅವನಿಗಾ?” ಅವಳು ಅಂಗಿಯನ್ನು ಕೆಳಗಿಟ್ಟಳು. “ಅವನ ಜೋಕು ಯಾರಿಗೆ ಬೇಕಿತ್ರೀ! ಅವನು ಬಾಯಿ ತೆರೆದ ತಕ್ಷಣ ಗಾಜಿನೊಳಗೆ ನಿಮ್ಮ ಮುಖ ಊದಿಕೊಳ್ತಿತ್ತು. ಹೆಡ್‌ಫೋನ್ ಬೇರೆ, ಮೂಗಿನ ತುದಿ ಕೆಂಪು. ಅದನ್ನ ನೋಡಿ ತಡೆಯೋಕಾಗ್ತಿರ್ಲಿಲ್ಲ. ಅದನ್ನ ನೋಡೋಕೇ ಪ್ರತಿ ವಾರ ಬರ್ತಿದ್ದೆ.”

ನಾನು ಮೂಗಿನ ತುದಿ ಮುಟ್ಟಿ ನೋಡಿಕೊಂಡೆ.

“ಕತ್ತರಿಸಿದ್ದೆಲ್ಲ ಎಲ್ಲಿದೆ?” ಎಂದು ಕೇಳಿದಳು.

“ಅವತ್ತೇ ಕಸದ ಬುಟ್ಟಿಗೆ ಹಾಕ್ದೆ.”

“ಎಲ್ಲಾನೂ?”

“ಎಲ್ಲಾನೂ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಮೋಟ್ ತೆಗೆದುಕೊಂಡು ಧ್ವನಿ ಜಾಸ್ತಿ ಮಾಡಿದಳು. ಷಡ್ಡಕ ಲಿಫ್ಟಿನ ಬಾಗಿಲಿಗೆ ಕೋಟು ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದ. ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನ್ನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.